ತಗಡಿನ ಬಕೆಟ್ಟಿಗೆ ತೇಗದ ವೇಷ

ಹತ್ತು ಲೀಟರ್ ಹಿಡಿಯುವ ಜಿ.ಐ. ಬಕೆಟ್, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನದು. ಬಾಯಿ 28 ಸೆಂ.ಮೀ., ತಳ 20 ಸೆಂ.ಮೀ., ಎತ್ತರ 24 ಸೆಂ.ಮೀ. ತಳದ ಅಂಚಿನಲ್ಲಿ ಸಣ್ಣ ತುಕ್ಕು, ಮೈಮೇಲೆಲ್ಲ ಸುಣ್ಣದಂಥ ಬಿಳಿ ಪುಡಿ. ಅದಕ್ಕೆ ತೇಗದ ಬಣ್ಣ ಕೊಟ್ಟು ಜಗಲಿಯಲ್ಲಿ ದೊಡ್ಡಪತ್ರೆ ಗಿಡ ಇಡಬೇಕು, ಅವತ್ತಿನ ಕೆಲಸ ಅಷ್ಟೇ. ಕೇಳಲು ಸುಲಭ. ಬಾಗಿಲಿಗೆ ಗ್ರೇನಿಂಗ್ ಮಾಡಿ, ಅಂದರೆ ಬಣ್ಣದಲ್ಲೇ ಮರದ ಎಳೆ ಬರೆದು, ಕೈ ಪಳಗಿದವರೂ ಬಕೆಟ್ ಎದುರು ಎಡವುತ್ತಾರೆ. ಬಾಗಿಲು ಚಪ್ಪಟೆ, ಬಕೆಟ್ ದುಂಡಗೆ, ಸಾಲದ್ದಕ್ಕೆ ಕೆಳಗೆ ಹೋದಂತೆ ಸಣ್ಣ.

ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಪಾತ್ರೆ ನಿಜವಾಗಿ ಮರದ್ದೇ ಆಗಿದ್ದರೆ ಬಡಗಿ ಅದನ್ನು ಹೇಗೆ ಮಾಡುತ್ತಿದ್ದ? ಉಪ್ಪು ಹಾಕಿಡುವ ಮರಿಗೆಯಂತೆ ಒಂದೇ ತುಂಡನ್ನು ಕೊರೆದು ಮಾಡಿದ್ದರೆ ಉದ್ದದ ಎರಡು ಬದಿಯಲ್ಲಿ ಎಳೆ ಅಡ್ಡಡ್ಡ ಓಡುತ್ತದೆ, ಎರಡು ತುದಿಗಳಲ್ಲಿ ಮಾತ್ರ ವರ್ಷದ ಉಂಗುರಗಳು ಕಾಣುತ್ತವೆ. ಚನ್ನಪಟ್ಟಣದ ಬೊಂಬೆಯಂತೆ ನಿಂತ ಕೊರಡನ್ನು ಚರಕಿಗೆ ಹಾಕಿ ತಿರುಗಿಸಿದ್ದರೆ ಎಳೆ ಸುಮಾರಾಗಿ ಮೇಲಿಂದ ಕೆಳಕ್ಕೆ. ಬಕೆಟ್ಟಿನಷ್ಟು ದೊಡ್ಡದನ್ನು ಯಾರೂ ಹಾಗೆ ಮಾಡುವುದಿಲ್ಲ. ಉದ್ದುದ್ದ ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಕಬ್ಬಿಣದ ಬಳೆ ಬಿಗಿಯುತ್ತಾರೆ. ಹಾಗಾಗಿ ಇಲ್ಲಿ ಎಳೆ ನೆಟ್ಟಗೆ ನಿಲ್ಲಬೇಕು, ಹಲಗೆ ಹಲಗೆಗೆ ಬೇರೆಯಾಗಬೇಕು. ಬಕೆಟ್ ಸುತ್ತ ಉಂಗುರದಂತೆ ಗೆರೆ ಎಳೆದುಕೊಂಡು ಹೋದವರ ಕೆಲಸ ಎಷ್ಟೇ ನಾಜೂಕಾಗಿರಲಿ, ನೋಡಿದ ಕಣ್ಣಿಗೆ ಏನೋ ತಪ್ಪಿದೆ ಅನ್ನಿಸುವುದು ಇದಕ್ಕೇ. ಅಂಥ ಮರ ಎಲ್ಲೂ ಬೆಳೆಯುವುದಿಲ್ಲ.

ನೀರು ಇಳಿಯಲು ತಳಕ್ಕೆ ಮೂರು ತೂತು ಕೊರೆಯುವುದು ಮೊದಲ ಕೆಲಸ. ಬಣ್ಣ ಹಚ್ಚಿದ ಮೇಲೆ ಡ್ರಿಲ್ ಹಿಡಿದರೆ ತೂತಿನ ಸುತ್ತ ಬಣ್ಣ ಚಕ್ಕೆ ಏಳುತ್ತದೆ. ಆಮೇಲೆ ತೊಳೆಯುವುದು. ಹೊಸ ಜಿ.ಐ. ತಗಡಿನ ಮೇಲೆ ಎಣ್ಣೆಯ ಪಸೆ ಇರುತ್ತದೆ, ಹಳೆಯದರ ಮೇಲೆ ಸತುವಿನ ಬಿಳಿ ತುಕ್ಕು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೈಲಾನ್ ಸ್ಕ್ರಬ್ಬರಿನಿಂದ ಉಜ್ಜಿ, ಕೆಂಪು ತುಕ್ಕಿದ್ದ ಕಡೆ ವೈರ್ ಬ್ರಷ್ ಆಡಿಸಿ, ಅಡುಗೆಮನೆಯ ಬಿಳಿ ವಿನೆಗರ್ ಅದ್ದಿದ ಬಟ್ಟೆಯಿಂದ ಇಡೀ ಮೈ ಒರೆಸಿ ಹತ್ತು ನಿಮಿಷ ಬಿಡಬೇಕು. ಹೊಳಪು ಸ್ವಲ್ಪ ಮಂಕಾದರೆ ಹುಳಿ ಹಿಡಿದಿದೆ ಎಂದು ಅರ್ಥ. ಮತ್ತೆ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, 320 ನಂಬರಿನ ಸ್ಯಾಂಡ್ ಪೇಪರ್ ಹಗುರವಾಗಿ ಎಳೆಯಬೇಕು. ಒತ್ತಿ ಉಜ್ಜಿದರೆ ಸತುವಿನ ಪದರವೇ ಹೋಗುತ್ತದೆ.

ಹೆಚ್ಚಿನವರು ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮನೆಯಲ್ಲಿ ಉಳಿದ ಗೇಟಿನ ಎನಾಮೆಲ್ ಇರುತ್ತದೆ, ಅದನ್ನೇ ನೇರ ಹಚ್ಚಿಬಿಡುತ್ತಾರೆ. ಎರಡು ತಿಂಗಳು ಚೆಂದ. ಮಳೆಗಾಲ ಕಳೆಯುವಷ್ಟರಲ್ಲಿ ಬಾಳೆ ಪಟ್ಟೆಯಂತೆ ಸುಲಿದು ಬರುತ್ತದೆ. ಎನಾಮೆಲ್‌ನಲ್ಲಿರುವುದು ಎಣ್ಣೆ ಬೆರೆತ ರಾಳ. ತೇವ ಸಿಕ್ಕಿದ ಸತುವಿನ ಮೇಲೆ ಕ್ಷಾರ ಹುಟ್ಟುತ್ತದೆ. ಎಣ್ಣೆ ಮತ್ತು ಕ್ಷಾರ ಸೇರಿದರೆ ಆಗುವುದು ಸಾಬೂನು. ಬಣ್ಣಕ್ಕೂ ತಗಡಿಗೂ ನಡುವೆ ಸಾಬೂನಿನ ತೆಳು ಪದರ ಕೂತ ಮೇಲೆ ಹಿಡಿತ ಎಲ್ಲಿಂದ ಬರಬೇಕು? ರೆಡ್ ಆಕ್ಸೈಡ್ ಪ್ರೈಮರಿನದೂ ಇದೇ ಹಣೆಬರಹ, ಅದು ಬರಿ ಕಬ್ಬಿಣಕ್ಕೆ ಸರಿ. ಜಿ.ಐ. ತಗಡಿಗೆಂದೇ ಇರುವ ನೀರಿನ ಪ್ರೈಮರ್ ಅಥವಾ ತಗಡನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಕೇಳಿ ತರಬೇಕು. ಈ ಬಕೆಟ್ಟಿನ ಹೊರಮೈ ಲೆಕ್ಕ ಹಾಕಿದರೆ ಎರಡು ಚದರ ಅಡಿ ಅಷ್ಟೇ, ಒಂದು ಸಲ ಬಳಿಯಲು (ಒಂದು ಕೋಟ್) 25 ಮಿ.ಲೀ. ಸಾಕು. ಅಂಗಡಿಯವರು ಒಂದು ಲೀಟರ್ ಕೊಡಲು ನೋಡುತ್ತಾರೆ.

ಪ್ರೈಮರಿನ ಮೇಲೆ ತಳಬಣ್ಣ. ಮರದಲ್ಲಿ ಕಾಣುವ ಅತ್ಯಂತ ತಿಳಿ ಬಣ್ಣ ಯಾವುದೋ ಅದೇ ತಳಬಣ್ಣ, ಕಡು ಬಣ್ಣಗಳೆಲ್ಲ ಆಮೇಲೆ ಮೇಲಿನಿಂದ ಬರುತ್ತವೆ. ತೇಗಕ್ಕೆ ಬಿಳಿಯಲ್ಲಿ ಯೆಲ್ಲೋ ಓಕರ್, ಒಂದು ಚಿಟಿಕೆ ಕಿತ್ತಳೆ, ಒಟ್ಟಿನಲ್ಲಿ ಹದವಾಗಿ ಕಾಯಿಸಿದ ಹಾಲಿನ ಕೆನೆಗಿಂತ ಒಂದು ಪಟ್ಟು ಗಾಢ. ಹಲಸಿಗೆ ಇನ್ನೂ ಹಳದಿ. ಬೀಟೆಗೆ ಇಟ್ಟಿಗೆಯ ಕೆಂಪು. ಸ್ಯಾಟಿನ್ ಹೊಳಪಿನ ಅಕ್ರಿಲಿಕ್ ಬಣ್ಣವೇ ಬೇಕು. ಪೂರ್ತಿ ಮ್ಯಾಟ್ ಆದರೆ ಮೇಲೆ ಬಳಿಯುವ ತೆಳು ಪಾರದರ್ಶಕ ಬಣ್ಣವನ್ನು, ಅಂದರೆ ಗ್ಲೇಜನ್ನು, ಹೀರಿಕೊಂಡು ಒರೆಸಲು ಬಿಡುವುದಿಲ್ಲ, ಪೂರ್ತಿ ಗ್ಲಾಸ್ ಆದರೆ ಗ್ಲೇಜ್ ಜಾರಿ ಹನಿಯಾಗುತ್ತದೆ. ಸಣ್ಣ ಫೋಮ್ ರೋಲರಿನಲ್ಲಿ ಎರಡು ಕೋಟು. ಬ್ರಷ್ ಆದರೆ ಅದರ ಗೆರೆ ಉಳಿಯುತ್ತದೆ, ಗ್ಲೇಜ್ ಆ ಗೆರೆಯಲ್ಲಿ ಕೂತು ಅಡ್ಡಾದಿಡ್ಡಿ ಕಾಣುತ್ತದೆ.

ತಳಬಣ್ಣ ಮುಟ್ಟಿದರೆ ಒಂದು ತಾಸಿಗೇ ಒಣಗಿದಂತಿತ್ತು. ಎರಡನೇ ಕೋಟ್ ಆದ ಎರಡು ತಾಸಿಗೆ ಮುಂದಿನ ಕೆಲಸ ಶುರುವಾಯಿತು. ಆ ಅವಸರದ ದಂಡ ಐದನೇ ಹಲಗೆಯಲ್ಲಿ ಸಿಕ್ಕಿತು.

ಹಲಗೆಗಳ ಗುರುತಿಗೆ ಸ್ಕೇಲು ಬೇಡ. ಉದ್ದನೆಯ ಕಾಗದದ ಪಟ್ಟಿಯನ್ನು ಬಾಯಿಯ ಸುತ್ತ ಸುತ್ತಿ ಸರಿಯಾಗಿ ಕತ್ತರಿಸಿದರೆ ಸುತ್ತಳತೆ 88 ಸೆಂ.ಮೀ. ಅದನ್ನು ಮೊದಲು ಮೂರು ಮಡಿಕೆ, ಆಮೇಲೆ ಎರಡು ಸಲ ಅರ್ಧ ಮಡಿಸಿದರೆ ಹನ್ನೆರಡು ಸಮಭಾಗ, ಒಂದೊಂದೂ 7.3 ಸೆಂ.ಮೀ. ತಳಕ್ಕೂ ಹೀಗೇ ಮಾಡಿದರೆ 5.2 ಸೆಂ.ಮೀ. ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಪೆನ್ಸಿಲಿನಲ್ಲಿ ಗೆರೆ. ಎಲ್ಲ ಒಂದೇ ಅಗಲ ಇದ್ದರೆ ಯಂತ್ರದ್ದಾಗಿ ಕಾಣುವುದರಿಂದ ಎರಡು ಮೂರು ಗೆರೆಗಳನ್ನು ಅರ್ಧ ಸೆಂ.ಮೀ. ಆಚೀಚೆ ಸರಿಸಬಹುದು. ಆಮೇಲೆ ಮಾಸ್ಕಿಂಗ್ ಟೇಪ್. ಒಂದು, ಮೂರು, ಐದು, ಹೀಗೆ ಒಂದು ಬಿಟ್ಟು ಒಂದು ಹಲಗೆ ಮೊದಲು, ಅವು ಒಣಗಿದ ಮೇಲೆ ಉಳಿದವು. ಇಲ್ಲದಿದ್ದರೆ ಒಂದರ ಗ್ಲೇಜ್ ಪಕ್ಕದ್ದಕ್ಕೆ ಹರಿದು ಜೋಡಣೆ ಮಾಯ.

ಗ್ಲೇಜಿನ ಅಳತೆ: ಅಕ್ರಿಲಿಕ್ ಗ್ಲೇಜಿಂಗ್ ಮೀಡಿಯಂ 30 ಮಿ.ಲೀ., ಬರ್ನ್ಟ್ ಸಿಯೆನ್ನಾ (ಕೆಂಗಂದು) ಒಂದು ಟೀ ಚಮಚ, ರಾ ಅಂಬರ್ (ಕಡು ಕಂದು) ಅರ್ಧ ಚಮಚ, ನೀರು 10 ಮಿ.ಲೀ. ನೆರಳಲ್ಲಿ ಇದು ಹತ್ತು ಹದಿನೈದು ನಿಮಿಷ ಹಸಿಯಾಗಿರುತ್ತದೆ. ಏಪ್ರಿಲ್‌ನ ಕಲಬುರಗಿ ಬಿಸಿಲಲ್ಲಿ ಐದು ನಿಮಿಷವೂ ಹೆಚ್ಚು, ಆಗ ನಾಲ್ಕೈದು ಹನಿ ಗ್ಲಿಸರಿನ್ ಬೆರೆಸಬೇಕು. ಹೆಚ್ಚು ಸುರಿದರೆ ವಾರವಾದರೂ ಅಂಟಂಟು.

ಅಂಗಡಿಯಲ್ಲಿ ಸಿಗುವ ಗ್ರೇನಿಂಗ್ ರಾಕರ್ ಗೊತ್ತಲ್ಲ, ಅರ್ಧಚಂದ್ರದ ರಬ್ಬರಿನ ಮೇಲೆ ಉಂಗುರ ಕೆತ್ತಿರುತ್ತದೆ, ಎಳೆಯುತ್ತಾ ಮೆಲ್ಲಗೆ ತೂಗಿದರೆ ಕಮಾನು ಕಮಾನಾಗಿ ತಿರುಳು ಮೂಡುತ್ತದೆ. ಮೂರು ಇಂಚಿನದು ಬಾಗಿಲಿಗೆ ಹೇಳಿ ಮಾಡಿಸಿದ್ದು. ಇದೇ ಬಕೆಟ್ಟಿನ ಮೇಲೆ ಇಟ್ಟರೆ ನಡು ಮಾತ್ರ ತಾಗುತ್ತದೆ, ಎರಡು ಅಂಚೂ ಸುಮಾರು 6 ಮಿ.ಮೀ. ಗಾಳಿಯಲ್ಲಿ. ಒತ್ತಿ ಸರಿಮಾಡಲು ಹೋದರೆ ನಡುವೆ ಬಣ್ಣವೇ ಉಳಿಯದು. 4 ಸೆಂ.ಮೀ. ಅಗಲಕ್ಕೆ ಕತ್ತರಿಸಿಕೊಂಡರೆ ಅಂಚಿನ ಅಂತರ 2 ಮಿ.ಮೀ.ಗಿಂತ ಕಡಿಮೆ, ಅಷ್ಟನ್ನು ರಬ್ಬರ್ ತಾನೇ ಬಾಗಿ ತುಂಬಿಕೊಳ್ಳುತ್ತದೆ. ಆದರೂ ನನ್ನ ಮಟ್ಟಿಗೆ ಪಾತ್ರೆಗಳಿಗೆ ರಾಕರಿಗಿಂತ ಬಟ್ಟೆ ಸುತ್ತಿದ ಹೆಬ್ಬೆರಳು ಮೇಲು. ಹಸಿ ಗ್ಲೇಜಿನಲ್ಲಿ ಉಗುರಿನ ಬದಿಯಿಂದ ಕಮಾನು ಎಳೆದು, ಅದರ ಹೊರಗೆ ಇನ್ನೊಂದು, ಮತ್ತೊಂದು. ಹೊರಗೆ ಹೋದಂತೆ ಗೆರೆಗಳು ಹತ್ತಿರ ಹತ್ತಿರವಾಗಿ ಕೊನೆಗೆ ನೇರ ನಿಲ್ಲಬೇಕು.

ನೇರ ಎಳೆಗೆ ಬಾಚಣಿಗೆ. ಹಳೆ ಹವಾಯಿ ಚಪ್ಪಲಿಯ ಅಟ್ಟೆಯನ್ನು 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಅಂಚಿಗೆ ಬ್ಲೇಡಿನಿಂದ ಹಲ್ಲು ಕೊಯ್ದರೆ ಆಯಿತು. ಹಲ್ಲುಗಳ ಅಂತರ ಒಂದು ಬದಿ ಚಿಕ್ಕದು, ಇನ್ನೊಂದು ಬದಿ ದೊಡ್ಡದು ಇರಲಿ, ನಿಜದ ಎಳೆ ಹಾಗೇ ಇರುತ್ತದೆ. ಮೇಲಿಂದ ಕೆಳಗೆ ಒಂದೇ ಉಸಿರಿಗೆ ಎಳೆಯಬೇಕು. ನಡುವೆ ನಿಂತರೆ ನಿಂತ ಜಾಗದಲ್ಲಿ ಬಣ್ಣದ ಗುಡ್ಡೆ. ಎರಡನೇ ಸಲ ಅದೇ ಬಾಚಣಿಗೆಯನ್ನು ತುಸು ಓರೆಯಾಗಿ ಹಿಡಿದು ಎಳೆದಾಗ ಉದ್ದ ಗೆರೆಗಳು ಅಲ್ಲಲ್ಲಿ ತುಂಡಾಗಿ ಮರ ಎದ್ದು ಬರುತ್ತದೆ. ಕಡೆಗೆ ಒಣ ಬ್ರಷ್ಷನ್ನು ಚಪ್ಪಟೆ ಹಿಡಿದು ತಳದಿಂದ ಬಾಯಿಯ ಕಡೆಗೆ ಪಟಪಟ ಬಡಿಯುತ್ತಾ ಹೋದರೆ ತೇಗದಲ್ಲಿರುವ ಸಣ್ಣ ಕಪ್ಪು ಚುಕ್ಕೆಗೀಟುಗಳು ಬೀಳುತ್ತವೆ. ಈ ಬಡಿತ ಇಲ್ಲದ ತೇಗ ಪ್ಲಾಸ್ಟಿಕ್ ಕುರ್ಚಿಯ ತೇಗ.

ಹನ್ನೆರಡರಲ್ಲಿ ಕಮಾನು ಮೂರೇ ಹಲಗೆಗೆ, ಮಿಕ್ಕ ಒಂಬತ್ತಕ್ಕೂ ನೇರ ಎಳೆ. ಕಲಿಯುವವರ ಕೈ ಪ್ರತಿ ಹಲಗೆಗೂ ಕಮಾನು ಹಾಕಲು ತುಡಿಯುತ್ತದೆ, ಜೊತೆಗೆ ಒಂದೊಂದು ಗಂಟೂ ಬೀಳುತ್ತದೆ. ಗಂಟಿರುವ ಹಲಗೆ ಒಣಗಿದಾಗ ಗಂಟಿನ ಸುತ್ತ ಸೀಳುತ್ತದೆ, ನೀರು ಸೋರುತ್ತದೆ, ಹಾಗಾಗಿ ಅದು ನೀರಿನ ಪಾತ್ರೆಗೆ ಬರುವುದೇ ಇಲ್ಲ. ಬಕೆಟ್ಟಿನ ಮೇಲೆ ಗಂಟು ಬರೆದವರು ಬಡಗಿಯನ್ನು ಮರೆತವರು.

ಐದನೇ ಹಲಗೆಗೆ ಬರೋಣ. ಟೇಪನ್ನು ಗ್ಲೇಜ್ ಇನ್ನೂ ತುಸು ಅಂಟುವಾಗಲೇ, ತನ್ನ ಮೈಮೇಲೇ ಹಿಂದಕ್ಕೆ ಮಡಿಸಿಕೊಂಡು ನಿಧಾನ ಎಳೆಯಬೇಕು. ಹಾಗೇ ಎಳೆದದ್ದು. ಆದರೂ ಬಾಯಿಯ ಹತ್ತಿರ ಎರಡು ಬೆರಳಗಲ ತಳಬಣ್ಣ ಟೇಪಿನ ಜೊತೆ ಎದ್ದು ಬಂತು, ಕೆಳಗೆ ಬೂದು ಪ್ರೈಮರ್ ಹಲ್ಲು ಕಿಸಿಯಿತು. ಅಕ್ರಿಲಿಕ್ ಮೇಲೆ ಒಣಗಿದರೂ ಒಳಗೆ ಮೆದುವಾಗೇ ಇರುತ್ತದೆ, ಒಂದು ರಾತ್ರಿ ಬಿಡಲೇಬೇಕು. ಟೇಪನ್ನು ಹಚ್ಚುವ ಮೊದಲು ಒಂದು ಸಲ ಪಂಚೆಗೋ ಪ್ಯಾಂಟಿಗೋ ಒತ್ತಿ ಅದರ ಅಂಟು ತಗ್ಗಿಸುವುದೂ ಪೇಂಟರುಗಳ ಹಳೆ ಉಪಾಯ. ರಿಪೇರಿ ಹೀಗೆ: ಅಂಚನ್ನು 320ರ ಕಾಗದದಿಂದ ಸವರಿ, ತಳಬಣ್ಣವನ್ನು ಬೆರಳಿನಿಂದ ತಟ್ಟಿ ತಟ್ಟಿ ತುಂಬಿ, ಮರುದಿನ ಆ ಹಲಗೆಯೊಂದಕ್ಕೇ ಪೂರ್ತಿ ಗ್ಲೇಜ್. ತೇಪೆಗಷ್ಟೇ ಗ್ಲೇಜ್ ಹಚ್ಚಿದರೆ ಸುತ್ತ ಡಬಲ್ ಬಣ್ಣದ ಗಡಿ ಉಳಿಯುತ್ತದೆ. ಒಂದು ದಿನದ ಕೆಲಸ ಎರಡು ದಿನವಾದದ್ದು ಹೀಗೆ.

ಈ ಕಸುಬು ಒಂದು ಕಾಲದಲ್ಲಿ ಎಷ್ಟು ಎತ್ತರದಲ್ಲಿತ್ತು ಎನ್ನುವುದಕ್ಕೆ ಇಂಗ್ಲೆಂಡಿನ ಥಾಮಸ್ ಕರ್ಷಾ ಸಾಕ್ಷಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆತ ಬಣ್ಣದಲ್ಲಿ ಬರೆದ ಮರ ಮತ್ತು ಅಮೃತಶಿಲೆಗೆ ಬಹುಮಾನ ಸಿಕ್ಕಿತ್ತು. ಆ ಬಗೆಯ ಹಲಗೆಗಳು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಪಾತ್ರೆಯ ಮಟ್ಟಿಗೆ ಇದಕ್ಕಿಂತ ಹಿಂದಿನದು ಚೀನಾದ ಕೆಲಸ. 18ನೇ ಶತಮಾನದ ಚಿಯನ್‌ಲಾಂಗ್ ಚಕ್ರವರ್ತಿಯ ಕಾಲದ ಪಿಂಗಾಣಿ ಬಟ್ಟಲುಗಳಿವೆ: ಹೊರಗೆ ಎಳೆ ಎಳೆಯಾಗಿ ಮರ, ಒಳಗೆ ಚಿನ್ನದ ಲೇಪ. ಹೊರಗಿನ ಮೋಸವನ್ನು ಒಳಗೆ ಅವರೇ ಬಯಲು ಮಾಡಿದ್ದಾರೆ. ಬಕೆಟ್ಟಿನ ಒಳಮೈಗೆ ಮರ ಬರೆಯಬೇಕೇ ಎಂದು ಕೇಳುವವರಿಗೆ ಇದನ್ನೇ ಹೇಳುವುದು: ಬೇಡ, ತಗಡು ತಗಡಾಗಿಯೇ ಇರಲಿ.

ಹಲಗೆಗಳ ನಡುವಿನ ಸಂದಿಗೆ ನೀರಾಗಿಸಿದ ರಾ ಅಂಬರ್‌ನಲ್ಲಿ 1 ಮಿ.ಮೀ. ಗೆರೆ, ಅದಕ್ಕೆ ಒತ್ತಿಕೊಂಡು ಒಂದೇ ಬದಿಯಲ್ಲಿ ತಳಬಣ್ಣದ ಕೂದಲೆಳೆ. ಬೆಳಕು ಎಡದಿಂದ ಎಂದುಕೊಂಡರೆ ಎಲ್ಲ ಸಂದಿಗೂ ಎಡದಿಂದಲೇ. ಬಕೆಟ್ಟಿನ ಮೈಯಲ್ಲಿ ಕಾರ್ಖಾನೆಯವರೇ ಒತ್ತಿದ ಎರಡು ಉಬ್ಬುಗೆರೆ ಇದ್ದವು, ಅವೇ ಬಳೆಗಳಾದವು. ಕಪ್ಪಿಗೆ ಸ್ವಲ್ಪ ಅಂಬರ್ ಬೆರೆಸಿದ ಮ್ಯಾಟ್ ಬಣ್ಣ. ಬರೀ ಕಪ್ಪು ಹಚ್ಚಿದರೆ ಇನ್ಸುಲೇಷನ್ ಟೇಪ್ ಸುತ್ತಿದಂತೆ ಕಾಣುತ್ತದೆ.

ವಾರ್ನಿಷ್ 24 ತಾಸು ಬಿಟ್ಟು. ಮೊದಲ ಕೋಟು ತೆಳುವಾಗಿ, ಒಂದೇ ದಿಕ್ಕಿಗೆ. ಹಿಂದಕ್ಕೂ ಮುಂದಕ್ಕೂ ಬ್ರಷ್ ಆಡಿಸಿದರೆ ಗ್ಲೇಜ್ ಕರಗಿ ಎದ್ದು ಬರುತ್ತದೆ. ನೀರಿನ ಪಿ.ಯು. (ಪಾಲಿಯುರೆಥೇನ್) ವಾರ್ನಿಷ್ ಬಣ್ಣವಿಲ್ಲದ್ದು, ತೇಗಕ್ಕೆ ಸ್ವಲ್ಪ ತಣ್ಣಗೆ ಕಾಣುತ್ತದೆ, ಕಡೇ ಕೋಟಿಗೆ ಬರ್ನ್ಟ್ ಸಿಯೆನ್ನಾ ಒಂದು ಹನಿ ಬಿಟ್ಟರೆ ಬಿಸಿಲು ಬಂದ ಹಾಗೆ.

ಹಳೆ ಪೇಂಟರುಗಳು ಇದನ್ನೆಲ್ಲ ಎಣ್ಣೆಯಲ್ಲಿ ಮಾಡುತ್ತಿದ್ದರು: ಡಬಲ್ ಬಾಯಿಲ್ಡ್ ಲಿನ್ಸೀಡ್ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಎರಡು ಪಾಲು, ಎಣ್ಣೆ ಬಣ್ಣ. ಅರ್ಧ ಗಂಟೆ ಆಡಿಸಬಹುದು, ಎಳೆ ಮೆದುವಾಗಿ ಬರುತ್ತದೆ, ಅದರ ಸೊಗಸೇ ಬೇರೆ. ಒಣಗಲು ಮಾತ್ರ ಪೂರ್ತಿ ಒಂದು ದಿನ, ಮಳೆಗಾಲದಲ್ಲಿ ಎರಡು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಆ ಕಾವು ಕೂಡಿ ತಾನಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ತಂತಿಯ ಮೇಲೆ ಒಣಹಾಕಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ನೀರಿನಂಥ ಗ್ಲೇಜ್ ಹೊಳಪಿನ ತಳಬಣ್ಣದ ಮೇಲೆ ನಿಲ್ಲದೆ ಹನಿಹನಿಯಾಗಿ ಸರಿದರೆ ಹಳಬರ ಮದ್ದು ಒಂದಿದೆ: ಒದ್ದೆ ಸ್ಪಂಜಿನಿಂದ ಮುಲ್ತಾನಿ ಮಿಟ್ಟಿ ಸವರಿ, ಒಣಗಿದ ಮೇಲೆ ಕೊಡವುವುದು. ಮುಖಕ್ಕೆ ಹಚ್ಚುವ ಅದೇ ಮಣ್ಣು.

ಒಲೆಯ ಮೇಲೆ ಏರುವ ಪಾತ್ರೆಗೆ, ಬಾಯಿ ತಾಗುವ ಲೋಟದ ಅಂಚಿಗೆ, ದಿನಾ ತಿಕ್ಕಿ ತೊಳೆಯುವ ಯಾವುದಕ್ಕೂ ಈ ಕೆಲಸ ಅಲ್ಲ. ಅಟ್ಟದ ಮೇಲಿನ ಹಳೇ ಬಣ್ಣದ ಡಬ್ಬಿ ಬಳಸುವ ಆಸೆಯೂ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿದೆಯೋ ಹೇಳಲಾಗದು.

ದೊಡ್ಡಪತ್ರೆಯನ್ನು ಕುಂಡ ಸಮೇತ ಬಕೆಟ್ಟಿನೊಳಗೆ ಇಳಿಸಿದ್ದು ಒಂದು ವಾರ ಬಿಟ್ಟು, ವಾರ್ನಿಷ್ ಪೂರ್ತಿ ಗಟ್ಟಿಯಾದ ಮೇಲೆ. ಕೆಳಗೆ ನೀರು ನಿಲ್ಲದಿರಲೆಂದು ಎರಡು ಹಂಚಿನ ಚೂರು ಇಟ್ಟಾಗಿದೆ. ಐದನೇ ಹಲಗೆ ಮಿಕ್ಕವಕ್ಕಿಂತ ಒಂದು ಗೆರೆ ಕಡುವಾಗಿಯೇ ಉಳಿಯಿತು. ಅದು ಗೋಡೆಯ ಕಡೆಗಿದೆ.