ಬಣ್ಣ ಬಂದಿಲ್ಲವೆಂದು ಚೆಲ್ಲಿದ ಆರು ಫ್ಲಾಸ್ಕ್

ಕೆಲಸಕ್ಕೆ ಸೇರಿದ ಮೊದಲ ವರ್ಷ ಆರು ಫ್ಲಾಸ್ಕ್ ತುಂಬ ಬೆಳೆದಿದ್ದ ಬೂಷ್ಟನ್ನು ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಕೊಂದು, ಚೆಲ್ಲಿಬಿಟ್ಟೆ. ಬಣ್ಣ ಬಂದಿಲ್ಲ ಅನ್ನುವುದೊಂದೇ ಕಾರಣ. ಅದರೊಳಗೆ ಬೇಕಾದಷ್ಟು ಬಣ್ಣ ಇತ್ತು ಅಂತ ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ನಾವು ಬೆಳೆಸುತ್ತಿದ್ದುದು ಮೊನಾಸ್ಕಸ್ ಪರ್ಪ್ಯೂರಿಯಸ್. ಚೀನಾದಲ್ಲಿ ಶತಮಾನಗಳಿಂದ ಅಕ್ಕಿಯ ಮೇಲೆ ಬೆಳೆಸಿ ಕೆಂಪು ಬಣ್ಣ ತೆಗೆಯುವುದು ಇದೇ ಶಿಲೀಂಧ್ರದಿಂದ. ದ್ರವ ಮಾಧ್ಯಮದಲ್ಲಿ ಕೆಂಪು ಬಣ್ಣದ ಇಳುವರಿ ಹೆಚ್ಚಿಸುವುದು ನನ್ನ ಪಾಲಿಗೆ ಬಂದ ಕೆಲಸ. ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಹಾಕುತ್ತಿದ್ದೆ. ಅಗ್ಗ, ತೂಗುವುದು ಸುಲಭ. 30 ಡಿಗ್ರಿಯಲ್ಲಿ ಬೂಷ್ಟು ಹುಲುಸಾಗಿ ಬೆಳೆಯುತ್ತಿತ್ತು, ಆದರೆ ಬ್ರಾತ್, ಅಂದರೆ ಅದು ಬೆಳೆಯುವ ದ್ರವ, ಮಾತ್ರ ತೆಳು ಬಣ್ಣದಲ್ಲೇ ಇರುತ್ತಿತ್ತು. ದಿನಾ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು 500 ನ್ಯಾನೋಮೀಟರಿನಲ್ಲಿ, ಅಂದರೆ ಕೆಂಪು ವರ್ಣಕ ಹೀರುವ ಬೆಳಕಿನಲ್ಲಿ, ಅಳೆಯುತ್ತಿದ್ದೆ. ಅಂಕಿ ಏರಲೇ ಇಲ್ಲ. ಹಸಿವಾಗಿರಬೇಕೆಂದು ಗ್ಲುಕೋಸ್ ಹೆಚ್ಚಿಸಿದೆ. ಅದು ಇನ್ನೊಂದು ತಪ್ಪು. ಸಕ್ಕರೆ ಅತಿಯಾದರೆ ಮೊನಾಸ್ಕಸ್ ಅದನ್ನು ಬಣ್ಣಕ್ಕೆ ತಿರುಗಿಸುವ ಬದಲು ಎಥನಾಲ್ ಮಾಡತೊಡಗುತ್ತದೆ.

ಒಂದು ಸಂಜೆ ನಮ್ಮ ಹಿರಿಯ ಮೇಡಂ ಬಂದು ನಿಂತು ನೋಡಿದರು. "ತಳದಲ್ಲಿ ಕೂತಿರೋ ಬೂಷ್ಟನ್ನ ಏನು ಮಾಡ್ತೀಯಾ?"

"ಎಸೀತೀನಿ ಮೇಡಂ."

"ಒಂದು ಸಲ ಎಥನಾಲಿನಲ್ಲಿ ನೆನೆಸಿ ನೋಡು."

70 ಪರ್ಸೆಂಟ್ ಎಥನಾಲಿನಲ್ಲಿ ಹಾಕಿ ಅಲುಗಾಡಿಸಿದೆ. ನೋಡನೋಡುತ್ತಿದ್ದಂತೆ ಟ್ಯೂಬ್ ಪೂರ್ತಿ ಕಡು ಕಿತ್ತಳೆಯಾಯಿತು. ಎರಡು ತಿಂಗಳು ನಾನು ಅಳೆದದ್ದು ಬರಿಯ ನೀರನ್ನು. ಬಣ್ಣ ಜೀವಕೋಶದೊಳಗೇ ಉಳಿದಿತ್ತು, ಅದೂ ನಾನು ಹುಡುಕುತ್ತಿದ್ದ ಕೆಂಪಲ್ಲ.

ಇದರ ಹಿಂದಿನ ರಸಾಯನಶಾಸ್ತ್ರ ನನಗೆ ಇಂದಿಗೂ ಬಹಳ ಇಷ್ಟ. ಈ ಶಿಲೀಂಧ್ರ ಮೊದಲು ತಯಾರಿಸುವುದು ರುಬ್ರೋಪಂಕ್ಟಾಟಿನ್, ಮೊನಾಸ್ಕೋರುಬ್ರಿನ್ ಎಂಬ ಕಿತ್ತಳೆ ವರ್ಣಕಗಳನ್ನು. ಅವು ನೀರಿನಲ್ಲಿ ಕರಗುವುದಿಲ್ಲ, ಕೋಶಕ್ಕೆ ಅಂಟಿಕೊಂಡೇ ಇರುತ್ತವೆ. ಅವುಗಳ ಉಂಗುರದಲ್ಲಿರುವ ಒಂದು ಆಮ್ಲಜನಕದ ಜಾಗಕ್ಕೆ ಅಮೈನೋ ಆಮ್ಲದ ಸಾರಜನಕ ಬಂದು ಕೂತಾಗ ಕಿತ್ತಳೆ ಕೆಂಪಾಗುತ್ತದೆ. ಇದಕ್ಕೆ ಕಿಣ್ವವೇ ಬೇಕಿಲ್ಲ. ಗ್ಲುಟಮೇಟ್‌ನಂಥ ಅಮೈನೋ ಆಮ್ಲ ಸೇರಿದರೆ ಹುಟ್ಟುವ ಕೆಂಪು ನೀರಿನಲ್ಲಿ ಕರಗಿ ಬ್ರಾತ್‌ಗೆ ಇಳಿಯುತ್ತದೆ. ಆದರೆ ದ್ರವ ಹುಳಿಯಾಗಿದ್ದರೆ ಅಮೈನೋ ಗುಂಪಿಗೆ ಪ್ರೋಟಾನ್ ಅಂಟಿಕೊಂಡಿರುತ್ತದೆ, ಪ್ರತಿಕ್ರಿಯೆ ಮುಂದೆ ಸಾಗುವುದಿಲ್ಲ. ನನ್ನ ಫ್ಲಾಸ್ಕಿನಲ್ಲಿ ಆಗಿದ್ದು ಅದೇ. ಬೂಷ್ಟು ಅಮೋನಿಯಂ ತಿನ್ನುತ್ತಾ ಹೊರಗೆ ಪ್ರೋಟಾನ್ ಬಿಡುತ್ತಿತ್ತು. ಹುಳಿಯನ್ನು ಸೂಚಿಸುವ ಪಿಹೆಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3ಕ್ಕಿಂತ ಕೆಳಗಿಳಿದಿತ್ತು. ಮೊದಲ ದಿನ ಒಮ್ಮೆ ಅಳೆದವನು ಆಮೇಲೆ ಮೀಟರನ್ನು ಮುಟ್ಟಿರಲಿಲ್ಲ.

ಅಮೋನಿಯಂ ಬಿಟ್ಟು ಮೋನೋಸೋಡಿಯಂ ಗ್ಲುಟಮೇಟ್ ಹಾಕಿ, ಪಿಹೆಚ್ 6ರ ಆಸುಪಾಸಿನಲ್ಲಿ ಹಿಡಿದೆವು. ನಾಲ್ಕನೇ ದಿನಕ್ಕೆ ಫ್ಲಾಸ್ಕ್ ದಾಳಿಂಬೆ ರಸದಂತಾಗಿತ್ತು. ಆಮೇಲೆ ಎರಡು ಹಂತದ ವಿಧಾನವನ್ನೂ ಮಾಡಿ ನೋಡಿದೆವು: ಮೊದಲು ಹುಳಿಯಲ್ಲಿ ಕಿತ್ತಳೆ ಸಂಗ್ರಹವಾಗಲು ಬಿಡುವುದು, ನಂತರ ಪಿಹೆಚ್ ಏರಿಸಿ ಅಮೈನೋ ಆಮ್ಲ ಕೊಡುವುದು. ಛಾಯೆ ಕೈಹಿಡಿತದಲ್ಲಿರಬೇಕಾದರೆ ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಟ್ರೈಟನ್ ಎಕ್ಸ್-100 ಎಂಬ ಮಾರ್ಜಕ ಬೆರೆಸಿ ಕೋಶದ ಬಣ್ಣವನ್ನು ಹೊರಗೆಳೆಯುವ ಉಪಾಯವೂ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ತಿನ್ನುವ ಪದಾರ್ಥಕ್ಕೆ ಹೋಗುವ ಬಣ್ಣವಾದರೆ ಅದನ್ನು ಮತ್ತೆ ಬೇರ್ಪಡಿಸುವ ಕೆಲಸ ತಲೆ ಮೇಲೆ ಬರುತ್ತದೆ, ಹಾಗಾಗಿ ನಾವು ಆ ಕಡೆ ಹೋಗಲಿಲ್ಲ.

ಅಷ್ಟರಲ್ಲೇ ಸಂಭ್ರಮಪಟ್ಟಿದ್ದೆ. ಆಗ ಎಚ್‌ಪಿಎಲ್‌ಸಿ ವರದಿ, ಅಂದರೆ ದ್ರವದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆಯ ಫಲಿತಾಂಶ, ಬಂತು. ಕೆಂಪಿನ ಜೊತೆಜೊತೆಗೇ ಸಿಟ್ರಿನಿನ್ ಕೂಡ ಏರಿತ್ತು.

ಸಿಟ್ರಿನಿನ್ ಮೂತ್ರಪಿಂಡಕ್ಕೆ ಹಾನಿ ಮಾಡುವ ವಿಷ. ಮೊನಾಸ್ಕಸ್‌ನಲ್ಲಿ ಮೊನಾಸ್ಕಿಡಿನ್ ಎ ಎಂದು ಕರೆಯುತ್ತಿದ್ದ ವಸ್ತು ಇದೇ ಎಂದು ಗೊತ್ತಾದದ್ದು 1995ರಲ್ಲಿ. ಮೊನಾಸ್ಕಸ್ ಬೆಳೆಸಿದ ಕೆಂಪು ಅಕ್ಕಿಯ ಆಹಾರ ಪೂರಕಗಳಲ್ಲಿ ಸಿಟ್ರಿನಿನ್‌ಗೆ ಕಿಲೋಗೆ 2000 ಮೈಕ್ರೋಗ್ರಾಂ ಇದ್ದ ಮಿತಿಯನ್ನು ಐರೋಪ್ಯ ಒಕ್ಕೂಟ ಆಮೇಲೆ 100ಕ್ಕೆ ಇಳಿಸಿತು. ಬಣ್ಣವೂ ಈ ವಿಷವೂ ಎರಡೂ, ಸಣ್ಣ ಇಂಗಾಲದ ತುಣುಕುಗಳನ್ನು ಸರಪಳಿಯಂತೆ ಜೋಡಿಸಿ ಕಟ್ಟಿದ ಪಾಲಿಕೀಟೈಡ್‌ಗಳು. ಅಸಿಟೈಲ್-ಕೋಎ, ಮಲೋನೈಲ್-ಕೋಎ ಎಂಬ ಒಂದೇ ಕಚ್ಚಾವಸ್ತುವಿನಿಂದ ಹೊರಡುತ್ತವೆ. ಒಂದರ ನಲ್ಲಿ ತಿರುಗಿಸಿದರೆ ಇನ್ನೊಂದರ ನಲ್ಲಿಯೂ ತಿರುಗುವ ಸಂಭವ ಇದ್ದೇ ಇದೆ. ಬಣ್ಣದ ಅಂಕಿ ನೋಡಿ ಹಿಗ್ಗಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾರದೋ ತಟ್ಟೆಗೆ ಹೋಗಬಹುದಾದ ಪದಾರ್ಥ ಅದು.

ಗ್ಲುಟಮೇಟ್ ಜಾಗದಲ್ಲಿ ಹಿಸ್ಟಿಡಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಹಾಕಿ ನೋಡಿದೆವು. ಸಿಟ್ರಿನಿನ್ ಇಳಿಯಿತು, ಆದರೆ ದೊಡ್ಡ ಟ್ಯಾಂಕಿಗೆ ಹಿಸ್ಟಿಡಿನ್ ಖರ್ಚು ತಡೆಯುವಂಥದ್ದಲ್ಲ. ಕೊನೆಗೆ ಹೊರಳಿದ್ದು ತಳಿಯ ಆಯ್ಕೆಯ ಕಡೆಗೆ. ತರಿಸಿಕೊಂಡ ತಳಿಗಳನ್ನೆಲ್ಲ ಒಂದೇ ಮಾಧ್ಯಮದಲ್ಲಿ ಬೆಳೆಸಿ, ಮೊದಲು ಸಿಟ್ರಿನಿನ್ ಪರೀಕ್ಷೆ, ಅದರಲ್ಲಿ ಉಳಿದವಕ್ಕೆ ಮಾತ್ರ ಬಣ್ಣದ ಪರೀಕ್ಷೆ. ಈಗ ನಮ್ಮ ಫರ್ಮೆಂಟರಿನಲ್ಲಿರುವ ತಳಿಯಲ್ಲಿ ಸಿಟ್ರಿನಿನ್ ನಮ್ಮ ಉಪಕರಣದ ಕಣ್ಣಿಗೆ ಬೀಳುತ್ತಿಲ್ಲ. 500 ನ್ಯಾನೋಮೀಟರಿನಲ್ಲಿ ಅದರ ಅಂಕಿ ಹಳೆಯ ತಳಿಗಿಂತ ಸ್ಪಷ್ಟವಾಗಿಯೇ ಕಡಿಮೆ. ಇಳುವರಿ ಏರಿಸುವ ಕೆಲಸವನ್ನು ಅದರ ಮೇಲೆ ಮೊದಲಿನಿಂದ ಶುರು ಮಾಡಿದ್ದೇವೆ, ಈ ಸಲ ಪಿಹೆಚ್ ಪ್ರೋಬ್ ದಿನವಿಡೀ ಟ್ಯಾಂಕಿನೊಳಗೇ ಇರುತ್ತದೆ.