ಹಳೇ ಕ್ಷೌರದ ಕತ್ತಿಯ ಜಿಡ್ಡು ತೆಗೆಯೋದು ಹೇಗೆ?

ಹಳೇ ಕ್ಷೌರದ ಕತ್ತಿ, ಅಂದ್ರೆ ಮಡಚುವ ಸ್ಟ್ರೈಟ್ ರೇಜರ್, ಕೈಗೆ ಬಂದಾಗ ಅಲಗಿನ ಮೇಲೆ ಕಂದು ಕಲೆ ಕಂಡರೆ ಮೊದಲೇ ಉಪ್ಪುಕಾಗದ ಹಿಡಿಯಬೇಡಿ. ಎಷ್ಟೋ ಸಲ ಅದು ತುಕ್ಕೇ ಅಲ್ಲ. ಯಾರೋ ಎಂದೋ ಸವರಿಟ್ಟ ಎಣ್ಣೆ ಗಾಳಿಗೆ ಒಣಗಿ ವಾರ್ನಿಷ್ ಥರ ಕೂತಿರುತ್ತದೆ. ಅಗಸೆ ಎಣ್ಣೆ, ಸೂರ್ಯಕಾಂತಿ ಎಣ್ಣೆಯಂಥವು ಹೀಗೆ ಗಟ್ಟಿಯಾಗುತ್ತವೆ, ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆಯೋ ಎಣ್ಣೆ) ಆಗಲ್ಲ.

ಕೆರೆಯುವ ಬದಲು ನೆನೆಸಿ. ಸೀಮೆಎಣ್ಣೆಯಲ್ಲೋ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲೋ ಬಟ್ಟೆ ಒದ್ದೆ ಮಾಡಿ ಅಲಗಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಜಿಡ್ಡು ಮೆತ್ತಗಾಗುತ್ತದೆ, ಆಮೇಲೆ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಉಲ್ಟಾ ಒರೆಸಿದರೆ ಬಟ್ಟೆಯ ಜೊತೆ ಬೆರಳೂ ಕುಯ್ಯುತ್ತದೆ. ಬೆಂಕಿಯಿಂದ ದೂರ, ಕಿಟಕಿ ತೆರೆದಿರಲಿ. ಅಸಿಟೋನ್ ಮಾತ್ರ ಹಿಡಿಯ ಹತ್ತಿರ ತರಬೇಡಿ, ಹಳೇ ಸೆಲ್ಯುಲಾಯ್ಡ್ (ಹಿಂದಿನ ಕಾಲದ ಒಂದು ಥರ ಪ್ಲಾಸ್ಟಿಕ್) ಹಿಡಿಯನ್ನು ಅದು ಕರಗಿಸಿಬಿಡುತ್ತದೆ. ಅಲಗಿನ ಮೇಲೆ ಚಿನ್ನದ ಬಣ್ಣದ ಚಿತ್ತಾರ ಇದ್ದರೆ ಪಾಲಿಶ್ ಕೂಡ ಬೇಡ, ಆ ಪದರ ತುಂಬಾ ತೆಳು, ಉಜ್ಜಿದರೆ ಹೋಯ್ತು.

ಇಷ್ಟು ಮಾಡಿದ ಮೇಲೂ ಉಳಿದ ಕೆಂಪು ಮಚ್ಚೆಯೇ ನಿಜವಾದ ತುಕ್ಕು. ಅದಕ್ಕೆ 0000 ನಂಬರಿನ, ಅಂದ್ರೆ ತೀರಾ ನಯವಾದ ಸ್ಟೀಲ್ ವುಲ್‌ಗೆ (ಉಕ್ಕಿನ ನಾರಿಗೆ) ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿದರೆ ಸಾಕು. ಕಪ್ಪು ಕಲೆ ಸುಮ್ನೆ ಇದ್ದರೆ ಇರಲಿ ಬಿಡಿ, ಕತ್ತಿಗೇನೂ ತೊಂದರೆ ಇಲ್ಲ.

ಎಲ್ಲರೂ ಮರೆಯೋ ಜಾಗ ಹಿಡಿಯ ಒಳಗಿನ ಕೀಲು. ಕ್ಷೌರ ಆದಮೇಲೆ ಅಲಗು ಫಳಫಳ ಅನ್ನುತ್ತಿರುತ್ತದೆ, ಆದರೆ ಹಿಡಿಯ ಎರಡು ಪಟ್ಟಿಗಳ ಸಂದಿಯಲ್ಲಿ ನೀರು ನಿಂತಿರುತ್ತದೆ, ತುಕ್ಕು ಶುರುವಾಗೋದೇ ಅಲ್ಲಿಂದ. ಟಿಶ್ಯೂ ಪೇಪರನ್ನು ಮಡಚಿ ಆ ಸಂದಿಯಲ್ಲಿ ಎಳೆದು ಒರೆಸಿ, ಕೀಲಿಗೆ ಮಿನರಲ್ ಆಯಿಲ್ ಒಂದು ಹನಿ ಬಿಡಿ, ಮತ್ತೆ ಮಡಚದೆ ಸ್ವಲ್ಪ ಹೊತ್ತು ಹಾಗೇ ತೆರೆದಿಡಿ. ಬೇಗ ಒಣಗಲಿ ಅಂತ ಒಲೆಯ ಮೇಲೆ ಹಿಡಿಯಬೇಡಿ, ಜಾಸ್ತಿ ಕಾಯಿಸಿದರೆ ಉಕ್ಕಿನ ಹದ ಹೋಗಿ ಬಾಯಿ ನಿಲ್ಲಲ್ಲ.

ಎಣ್ಣೆ ಜಾಸ್ತಿ ಹಾಕಿದರೆ ಒಳ್ಳೇದು ಅನ್ನೋದು ಸುಳ್ಳು. ಬೆರಳಿಗೆ ಜಾರುವಷ್ಟು ತೆಳ್ಳಗೆ ಸಾಕು, ಮಿಕ್ಕಿದ್ದು ಧೂಳು ಹಿಡಿದು ಮತ್ತೆ ಅದೇ ಜಿಡ್ಡಾಗುತ್ತದೆ. ಇಡೋದು ಬಚ್ಚಲಮನೆಯಲ್ಲಂತೂ ಬೇಡ, ಚರ್ಮದ ಚೀಲವೂ ತೇವ ಹಿಡಿದುಕೊಳ್ಳುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿ ವಾಸಿ. ಹಾಂ, ಹಳೇ ಸೆಲ್ಯುಲಾಯ್ಡ್ ಹಿಡಿಯ ಕತ್ತಿಯನ್ನು ಬೇರೆಯದರ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ. ಅದು ಕೆಡುವಾಗ ಬಿಡುವ ಆಮ್ಲದ ಹಬೆ ಪಕ್ಕದ ಕತ್ತಿಗಳಿಗೂ ತುಕ್ಕು ಹಿಡಿಸುತ್ತದೆ.