ಆಲಿ ಪಾಲಿ ಗುಡ್ಡದ ಮೇಲೆ ಡಾರ್ಟ್ಸ್ ಜಾತ್ರೆ

ವುಡ್ ಗ್ರೀನ್ ಸ್ಟೇಷನ್ನಿನಿಂದ ಗುಡ್ಡ ಹತ್ತುವ ಡಬ್ಲ್ಯು3 ಬಸ್ಸಿನಲ್ಲಿ ನನ್ನ ಪಕ್ಕ ನಿಂತಿದ್ದವನು ಬಾಳೆಹಣ್ಣಿನ ವೇಷ ತೊಟ್ಟಿದ್ದ. ಹಿಂದಿನ ಸೀಟುಗಳಲ್ಲಿ ನಾಲ್ವರು ಪೋಪ್‌ಗಳು. ದಿನದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಲಂಡನ್ನಿಗರು ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. 2025ರ ಜನವರಿ 3, ಗುಂಡನೆಯ ಬೋರ್ಡಿಗೆ ಪುಟ್ಟ ಬಾಣ ಎಸೆಯುವ ಆಟವಾದ ಡಾರ್ಟ್ಸ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನ ಸಂಜೆ.

ಟೂರ್ನಿ ನಡೆಯುವ ಅಲೆಕ್ಸಾಂಡ್ರಾ ಪ್ಯಾಲೆಸ್ ಹೆಸರಿಗಷ್ಟೇ ಅರಮನೆ. ರಾಜರಾಣಿಯರು ಇದ್ದ ಜಾಗವಲ್ಲ, ಜನರ ಮೋಜಿಗೆಂದೇ ಕಟ್ಟಿದ್ದು. 1873ರಲ್ಲಿ ಬಾಗಿಲು ತೆರೆದು ಹದಿನಾರೇ ದಿನಕ್ಕೆ ಸುಟ್ಟುಹೋಯಿತು. ಎರಡೇ ವರ್ಷದಲ್ಲಿ ಮತ್ತೆ ಎದ್ದು ನಿಂತಿತು. 1936ರಲ್ಲಿ ಬಿಬಿಸಿ ತನ್ನ ಟಿವಿ ಪ್ರಸಾರ ಶುರುಮಾಡಿದ್ದೂ ಇಲ್ಲಿಂದಲೇ. ಊರವರ ಬಾಯಲ್ಲಿ ಇದು ‘ಆಲಿ ಪಾಲಿ’.

ಒಳಗೆ ಉದ್ದುದ್ದ ಮೇಜು, ಜಗ್ಗುಗಟ್ಟಲೆ ಬಿಯರ್. ಮೂರು ಬಾಣಕ್ಕೆ ಸಿಗುವ ಗರಿಷ್ಠ ಅಂಕ ‘180’ ಎಂದು ಅಚ್ಚಾದ ರಟ್ಟುಗಳನ್ನು ಹಂಚುತ್ತಾರೆ. ಅದರ ಖಾಲಿ ಜಾಗದಲ್ಲಿ ಮಾರ್ಕರ್ ಹಿಡಿದು ಏನು ಬೇಕಾದರೂ ಗೀಚಬಹುದು. ನನ್ನೆದುರು ಕೂತಿದ್ದ ಅಜ್ಜಿಯೊಬ್ಬರು ‘ನಾಯಿಗೆ ಊಟ ಹಾಕು’ ಎಂದು ಬರೆದು, ಮನೆಯಲ್ಲಿ ಟಿವಿ ನೋಡುತ್ತಿದ್ದ ಗಂಡನಿಗೆ ಕಾಣಲೆಂದು ಕ್ಯಾಮೆರಾ ತಿರುಗಿದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದರು.

ನಿಜ ಹೇಳಬೇಕೆಂದರೆ, ಸಭಾಂಗಣದಲ್ಲಿ ಕೂತವರಿಗೆ ಆಟ ಕಾಣುವುದೇ ಇಲ್ಲ. ಆಟಗಾರ ಬೋರ್ಡಿನಿಂದ 2.37 ಮೀಟರ್ ದೂರದಲ್ಲಿ ನಿಂತು ಎಸೆಯುತ್ತಾನೆ. 20ಕ್ಕೆ ಮೂರು ಪಟ್ಟು ಅಂಕ ಕೊಡುವ ಟ್ರಿಪಲ್ 20ರ ಪಟ್ಟಿಯೋ ಬೆರಳಿನಷ್ಟು ಅಗಲವೂ ಇಲ್ಲ. ಎಲ್ಲರ ಕಣ್ಣು ದೊಡ್ಡ ಪರದೆಯ ಮೇಲೆ. ಹಾಗಿದ್ದರೂ ಇಲ್ಲಿಗೇ ಬರಬೇಕು, ಆ ಸದ್ದಿಗಾಗಿ. ಮೊದಲ ಎರಡು ಬಾಣ ಒಂದರ ಮಗ್ಗುಲಲ್ಲೊಂದು ನಾಟುತ್ತಲೇ ಗದ್ದಲ ಏರತೊಡಗುತ್ತದೆ. ಮೂರನೆಯದೂ ಅಲ್ಲೇ ಹೋದರೆ ಅಂಕ ಸಾರುವ ಕಾಲರ್ ‘ವನ್ ಹಂಡ್ರೆಡ್ ಅಂಡ್ ಎಯ್ಟೀ’ ಎಂದು ಎಳೆದೆಳೆದು ಕೂಗುವುದು ಯಾರಿಗೂ ಕೇಳಿಸುವುದಿಲ್ಲ.

ಉಳಿದಂತೆ ಇದು ಕಳೆಯುವ ಲೆಕ್ಕ: 501ರಿಂದ ಸೊನ್ನೆಗೆ ಇಳಿಯಬೇಕು, ಕೊನೆಯ ಬಾಣ ಡಬಲ್‌ಗೇ, ಅಂದರೆ ಅಂಕ ಇಮ್ಮಡಿಯಾಗುವ ಪಟ್ಟಿಗೇ ಬೀಳಬೇಕು. ಬೋರ್ಡಿನಲ್ಲಿ 20ರ ಎಡಬಲಕ್ಕೆ 5 ಮತ್ತು 1 ಇಟ್ಟವನು ಮಹಾ ಕಿಲಾಡಿ. ಕೂದಲೆಳೆ ತಪ್ಪಿದರೂ ದಂಡ.

ಫೈನಲ್ ಹದಿಮೂರು ಸೆಟ್‌ಗಳದ್ದು, ಮೊದಲು ಏಳು ಗೆದ್ದವನಿಗೆ ಕಿರೀಟ. ಹಸಿರು ಅಂಗಿಯ ಡಚ್ಚಿಗ ಮೈಕೆಲ್ ವಾನ್ ಗೆರ್ವೆನ್ ಆಗಲೇ ಮೂರು ಸಲ ಗೆದ್ದವನು. ಎದುರಿಗೆ ವಾರಿಂಗ್‌ಟನ್‌ನ ಲ್ಯೂಕ್ ಲಿಟ್ಲರ್. ಹಿಂದಿನ ವರ್ಷ ಹದಿನಾರರ ಹರೆಯದಲ್ಲಿ ಫೈನಲ್‌ಗೆ ಬಂದು ಲ್ಯೂಕ್ ಹಂಫ್ರೀಸ್‌ಗೆ 7-4ರಿಂದ ಸೋತಿದ್ದ ಹುಡುಗ. ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಲಿಟ್ಲರ್ 4-0 ಮುಂದೆ! ವಾನ್ ಗೆರ್ವೆನ್ ಬಾಣ ಕಿತ್ತುಕೊಂಡು ತಿರುಗುವಾಗ ಕೆನ್ನೆ ಉಬ್ಬಿಸಿ ಉಸಿರು ಬಿಡುವುದು ಪರದೆ ತುಂಬ ಕಾಣುತ್ತಿತ್ತು. ಅವನು ಕೆಟ್ಟದಾಗೇನೂ ಆಡಲಿಲ್ಲ, ಆಮೇಲೆ ಮೂರು ಸೆಟ್ ಕಿತ್ತುಕೊಂಡ. ಆದರೆ ಆ ನಾಲ್ಕರ ಅಂತರ ತುಂಬಲೇ ಇಲ್ಲ. 7-3. ಹದಿನೇಳರ ಹುಡುಗನ ಕೈಗೆ ಸಿಡ್ ವಾಡೆಲ್ ಟ್ರೋಫಿ, ಐದು ಲಕ್ಷ ಪೌಂಡ್. 2014ರಲ್ಲಿ ಇಪ್ಪತ್ತನಾಲ್ಕಕ್ಕೇ ಇದೇ ಟ್ರೋಫಿ ಎತ್ತಿದ್ದ ವಾನ್ ಗೆರ್ವೆನ್‌ನ ‘ಅತಿ ಕಿರಿಯ’ ಪಟ್ಟವೂ ಅವನ ಕಣ್ಣೆದುರೇ ಹೋಯಿತು.

ಮರುವರ್ಷದ ಟೂರ್ನಿ ನೋಡಿದ್ದು ಬೆಂಗಳೂರಿನ ಮನೆಯಲ್ಲಿ, ಅರ್ಧರಾತ್ರಿ ಎದ್ದು ಕೂತು. ಬಹುಮಾನ ಹತ್ತು ಲಕ್ಷ ಪೌಂಡ್‌ಗೆ ಏರಿತ್ತು. ಗಿಯಾನ್ ವಾನ್ ವೀನ್ ಎದುರು 7-1ರಿಂದ ಅದನ್ನೂ ಲಿಟ್ಲರನೇ ಬಾಚಿದ. ಫೈನಲ್‌ಗಿಂತ ನನಗೆ ಖುಷಿ ಕೊಟ್ಟದ್ದು ಮೊದಲ ಸುತ್ತು: ಚೆನ್ನೈನ ನಿತಿನ್ ಕುಮಾರ್ ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯನಾದ.